ತಾಳ ತಪ್ಪಿಸಿದ ಸಗಣಿ

ಹೊಳೆಯ ತೂಗುಸೇತುವೆ ಕಾಯುತ್ತಿದ್ದವನು ಚೆಲುವಯ್ಯ. ಒಂದು ಬೆಳಿಗ್ಗೆ ಸುಬೇದಾರ ಗುಂಡೋಜಿರಾಯರು ಅರವತ್ತು ಸಿಪಾಯಿಗಳೊಂದಿಗೆ ಬಂದರು. "ಆಚೆ ದಡದಲ್ಲಿ ದೊರೆಗಳು ನೋಡುತ್ತಿರುತ್ತಾರೆ. ಎಲ್ಲರೂ ಒಂದೇ ಹೆಜ್ಜೆ ಹಾಕಿ ಸೇತುವೆ ದಾಟಬೇಕು" ಎಂದರು.

ಚೆಲುವಯ್ಯ ಕೈಮುಗಿದ. "ಬೇಡಿ ಬುದ್ಧೀ. ಒಂದೇ ತಾಳಕ್ಕೆ ತುಳಿದರೆ ಸೇತುವೆ ಉಯ್ಯಾಲೆಯ ಹಾಗೆ ತೂಗುತ್ತೆ. ಹೆಜ್ಜೆ ಹೆಜ್ಜೆಗೂ ತೂಗಾಟ ಹೆಚ್ಚಿ ಹಗ್ಗ ಹರಿಯುತ್ತೆ. ಬಿಡಿಬಿಡಿಯಾಗಿ ನಡೆಯಲಿ."

"ನನ್ನ ಸಿಪಾಯಿಗಳೇನು ಕುರಿಮಂದೆಯೇನೋ? ಬಾಯಿ ಮುಚ್ಚು!" ಎಂದು ಗದರಿ ರಾಯರು ತಿಂಡಿಗೆ ಹೋದರು.

ಅಷ್ಟರಲ್ಲಿ ಚೆಲುವಯ್ಯ ಎರಡು ಮಂಕರಿ ಹಸಿ ಸಗಣಿ ತಂದು ಹಲಗೆಗಳ ಮೇಲೆ ಅಲ್ಲಲ್ಲಿ ಹಾಕಿಬಿಟ್ಟ.

ನಗಾರಿ ಬಾರಿಸಿದರು. ಪಡೆ ಹೊರಟಿತು, ಜೊತೆಗೆ ರಾಯರೂ. ಎಲ್ಲರದೂ ಪಾಲಿಶ್ ಹಾಕಿದ ಬೂಟು. ಒಬ್ಬ ಎಡಕ್ಕೆ ಹಾರಿದ, ಒಬ್ಬ ಬಲಕ್ಕೆ ಸರಿದ, ಮತ್ತೊಬ್ಬ ತುದಿಗಾಲಲ್ಲಿ ನಡೆದ. ಯಾರ ಹೆಜ್ಜೆಯೂ ಯಾರಿಗೂ ಕೂಡಲಿಲ್ಲ. ಸೇತುವೆ ಗಟ್ಟಿಯಾಗಿ ನಿಂತಿತು. ರಾಯರು ಹಲ್ಲು ಕಡಿದರು.

ಆದರೆ ಕೊನೆಯ ಹತ್ತು ಮಾರು ದೂರಕ್ಕೆ ಸಗಣಿ ಸಾಲದೆ ಹೋಗಿತ್ತು. ಅಲ್ಲಿ ಮುಂದಿನ ಸಾಲಿನವರು ಮತ್ತೆ ತಾಳ ಹಿಡಿದರು. ಸೇತುವೆ ತೂಗತೊಡಗಿತು. ರಾಯರ ಪೇಟ ಹೊಳೆಗೆ ಬಿತ್ತು. ಅವರು ಹಗ್ಗ ತಬ್ಬಿಕೊಂಡು ಕೂಗಿದರು, "ಬಿಡಿಬಿಡಿಯಾಗಿ ನಡೀರೋ!"

ದಡ ಸೇರಿದ ಮೇಲೆ, ಹಿಂದೆಯೇ ಬಂದ ಚೆಲುವಯ್ಯನನ್ನು ರಾಯರು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಸಂಜೆ ಇದೇ ದಾರಿಯಲ್ಲಿ ವಾಪಸ್ಸು ಹೋಗಬೇಕು. ಇನ್ನೊಂದು ಮಂಕರಿ ಹೆಚ್ಚಿಗೆ ಸಿಗುತ್ತದೇನಪ್ಪಾ?"