ಯಾರೂ ಬೇಡ ಎನ್ನದ ಪಟ್ಟಿ

"ಗುರುಗಳೇ, ನಮ್ಮ ಕಚೇರಿಯಲ್ಲಿ ಕೆಲಸಗಳ ಪಟ್ಟಿಯನ್ನು ಕೋಡ್ ಬರೆಯುವ ಯಂತ್ರಕ್ಕೆ ಜೋಡಿಸಬೇಕೆಂದು ಹೇಳಿದ್ದಾರೆ. ಪಟ್ಟಿಯಲ್ಲಿ ಇರುವುದನ್ನು ಯಂತ್ರ ತಾನೇ ಓದುತ್ತದೆ, ತಾನೇ ಮಾಡುತ್ತದೆ, ಮುಗಿಯಿತೆಂದು ತಾನೇ ಗುರುತು ಹಾಕುತ್ತದೆ. ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಇದರಲ್ಲಿ ನಾನು ಹೆದರಬೇಕಾದದ್ದು ಏನಾದರೂ ಇದೆಯೇ?"

ಹೀಗೆ ಕೇಳಿದವನು ಅಮರೇಶ. ಊರಿನ ಒಂದು ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತ, ವಾರಕ್ಕೊಮ್ಮೆ ಮಠಕ್ಕೆ ಬಂದು ಹೋಗುವ ಶಿಷ್ಯ. ಏನಿಲ್ಲ, ಹೋಗಿ ಮಾಡು ಎಂಬ ಮಾತು ಸಿಕ್ಕರೆ ಎದ್ದು ಹೊರಡುವ ಅವಸರದಲ್ಲಿದ್ದ. ಗುರುಗಳು ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟರು. ಆಮೇಲೆ, "ಯಂತ್ರದ ವಿಷಯ ನನಗೆ ತಿಳಿಯದು. ಪಟ್ಟಿಯ ವಿಷಯ ಸ್ವಲ್ಪ ಗೊತ್ತು. ಕೂತು ಕೇಳು" ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಕಚೇರಿ ಇತ್ತು. ಅಲ್ಲಿಯವರು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದರು. ಒಳ್ಳೆಯ ಜನ, ಯಾರ ಮನಸ್ಸನ್ನೂ ನೋಯಿಸದವರು. ಆಸ್ಪತ್ರೆಯವರು ಬಂದು ಹೀಗೊಂದು ಮಾಡಿಕೊಡಿ ಎಂದು ಕೇಳಿದಾಗ, ಆಗುವಂಥದ್ದಾದರೆ ಮಾಡಿಕೊಡುತ್ತಿದ್ದರು. ಆಗದಂಥದ್ದಾದರೆ, ಇಲ್ಲವೇ ಮಾಡಬಾರದಂಥದ್ದಾದರೆ, "ಬರೆದುಕೊಂಡಿದ್ದೇವೆ" ಎನ್ನುತ್ತಿದ್ದರು. ನಿಜವಾಗಿಯೂ ಬರೆದುಕೊಳ್ಳುತ್ತಿದ್ದರು. ಕಂಪ್ಯೂಟರಿನಲ್ಲಿ ಅದಕ್ಕೆಂದೇ ಒಂದು ಪಟ್ಟಿ. ಒಂದೊಂದು ಕೆಲಸಕ್ಕೆ ಒಂದೊಂದು ಟಿಕೆಟ್. ಈ ವಾರ ಮಾಡುವವು ಮೇಲೆ, ಬರೆದುಕೊಂಡವು ಕೆಳಗೆ.

ಕೆಳಗಿನವನ್ನು ಯಾರೂ ಎಂದೂ ಮಾಡುವುದಿಲ್ಲವೆಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೇಳಿದವರಿಗೂ ಒಳಗೊಳಗೇ ಗೊತ್ತಿತ್ತೆನ್ನು. ಆದರೂ ಪಟ್ಟಿಯಲ್ಲಿದೆಯಲ್ಲ ಎಂದು ಅವರಿಗೆ ಸಮಾಧಾನ. ಮುಖ ಮುರಿದಂತೆ ಬೇಡ ಎನ್ನಬೇಕಾಗಲಿಲ್ಲವಲ್ಲ ಎಂದು ಇವರಿಗೆ ಸಮಾಧಾನ. ಹತ್ತು ವರ್ಷ ಆ ಕಚೇರಿ ಹೀಗೇ ನಡೆಯಿತು. ಇದನ್ನು ಅವರು ಸಂಸ್ಕಾರ ಎಂದುಕೊಂಡಿದ್ದರು. ಅಂಥ ಕಚೇರಿ ಯಾವ ಊರಿನಲ್ಲಿದೆ ಎಂದು ಕೇಳಬೇಡ, ಅದಿಲ್ಲದ ಊರನ್ನು ನಾನು ನೋಡಿಲ್ಲ.

ಆ ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದವಳು ಒಬ್ಬ ಹೆಣ್ಣುಮಗಳು. ಅವಳು ಟಿಕೆಟ್ ಬರೆದರೆ ಓದಿದವರು ಮತ್ತೆ ಪ್ರಶ್ನೆ ಕೇಳಬೇಕಾಗಿರಲಿಲ್ಲ. ಏನು ಬೇಕು, ಏಕೆ ಬೇಕು, ಎಲ್ಲಿ ಬದಲಿಸಬೇಕು, ಸರಿಯಾಯಿತೆಂದು ಹೇಗೆ ಪರೀಕ್ಷಿಸಬೇಕು, ಎಲ್ಲವೂ ಸ್ಪಷ್ಟ. ಮಾಡುವ ಕೆಲಸಕ್ಕಿಂತ ಮಾಡದ ಕೆಲಸವನ್ನು ಇನ್ನೂ ಚೆನ್ನಾಗಿ ಬರೆಯುತ್ತಿದ್ದಳು. ಅದರ ಪ್ರತಿ ಕೇಳಿದವರಿಗೆ ಹೋಗುತ್ತಿತ್ತು. ಇಷ್ಟು ಅಚ್ಚುಕಟ್ಟಾಗಿ ಬರೆದುಕೊಂಡಿದ್ದಾರೆ ಎಂದರೆ ಅವರು ಮತ್ತೆ ಫೋನ್ ಮಾಡಿ ಪೀಡಿಸುತ್ತಿರಲಿಲ್ಲ.

ಆ ಕಚೇರಿಯ ಗಿರಾಕಿಗಳಲ್ಲಿ ಒಂದು ಡಯಾಲಿಸಿಸ್ ಆಸ್ಪತ್ರೆ ಇತ್ತು. ಮೂತ್ರಪಿಂಡ ಕೆಟ್ಟವರು ವಾರಕ್ಕೆ ಎರಡು ಸಲ ಅಲ್ಲಿಗೆ ಬಂದು ರಕ್ತ ಶುದ್ಧಿ ಮಾಡಿಸಿಕೊಂಡು ಹೋಗಬೇಕು, ಇಲ್ಲದಿದ್ದರೆ ಬದುಕುವುದಿಲ್ಲ. ಹಾಸಿಗೆ ಹನ್ನೆರಡು. ಪಾಳಿ ಸಿಕ್ಕವರು ಇಷ್ಟು ಮಂದಿ ಎಂದು ಗೊತ್ತು ಮಾಡಿದ್ದರು. ಸಿಗದವರು ಎಂಬತ್ತು ಮಂದಿ, ಸಾಲ ಮಾಡಿ ದೂರದ ಊರುಗಳಲ್ಲಿ ಆಗೊಮ್ಮೆ ಈಗೊಮ್ಮೆ ಶುದ್ಧಿ ಮಾಡಿಸಿಕೊಳ್ಳುತ್ತ, ಹೊರಗೆ ಕಾಯುತ್ತಿದ್ದರು. ಯಾರ ಪಾಳಿ ಯಾವತ್ತು ಎಂದು ಹೇಳುವ ಸಾಫ್ಟ್‌ವೇರನ್ನು ಈ ಕಚೇರಿಯವರೇ ಮಾಡಿಕೊಟ್ಟಿದ್ದರು.

ಮೊದಲ ಸಲ ಅದನ್ನು ಕೂರಿಸುವಾಗ ಈ ಹೆಣ್ಣುಮಗಳು ಒಂದು ವಾರ ಆಸ್ಪತ್ರೆಯಲ್ಲಿ ಕೂತು ನೋಡಿದ್ದಳು. ಅಲ್ಲಿಗೆ ಒಬ್ಬ ಹರಗೋಲಿನವನು ಪಾಳಿಗೆ ಬರುತ್ತಿದ್ದ. ಕೃಷ್ಣೆಯ ನಡುಗಡ್ಡೆಯವನು, ಅಲ್ಲಿಯ ಜನರನ್ನು ಹರಗೋಲಿನಲ್ಲಿ ಕೂರಿಸಿ ದಡ ಮುಟ್ಟಿಸುವವನು. ಅವಳ ಕೈಯಲ್ಲಿ ಹೆಸರುಗಳ ಹಾಳೆ ಕಂಡು ಹತ್ತಿರ ಬಂದು ನಿಂತ.

"ಹೊಳಿ ಬಂದ್ರ ಹರಗೋಲು ಹಾಕಾಕ ಬರಂಗಿಲ್ಲ ಯವ್ವಾ. ಆವಾಗ ಒಂದೆರಡು ಪಾಳಿ ತಪ್ಪತಾವ. ಅಷ್ಟಕ್ಕ ನನ್ನ ಹೆಸರು ತಗದುಬಿಡಬ್ಯಾಡ್ರಿ."

"ತಗಿಯಂಗಿಲ್ಲ ಬಿಡ್ರಿ ಕಾಕಾ" ಎಂದಳು ಅವಳು.

ಎರಡು ತಿಂಗಳ ಮೇಲೆ ಆಸ್ಪತ್ರೆಯ ಕಾರ್ಯದರ್ಶಿ ಕಚೇರಿಗೆ ಬಂದ. ಅವನೂ ಕೆಟ್ಟವನಲ್ಲ. "ಪಾಳಿ ಇದ್ದವರು ಬರಲಿಲ್ಲ ಅಂದ್ರ ಹಾಸಿಗಿ ಖಾಲಿ ಬೀಳತೈತ್ರಿ ಮೇಡಂ. ಹೊರಗ ಕಾಯೋರು ಸಾಯಾಕತ್ತಾರ. ಎರಡು ತಿಂಗಳಾಗ ಮೂರು ಪಾಳಿ ತಪ್ಪಿಸಿದವರ ಹೆಸರು ತಾನ ಹೋಗಬೇಕು, ಕಾಯೋರ ಹೆಸರು ತಾನ ಬರಬೇಕು. ಹಂಗ ಮಾಡಿಕೊಡ್ರಿ" ಎಂದ.

ಅವಳಿಗೆ ಹರಗೋಲಿನವನ ಮುಖ ಕಣ್ಣಮುಂದೆ ಬಂತು. ಬೇಡ ಎನ್ನಬೇಕೆಂದು ಬಾಯಿ ತೆರೆದಳು. ಎದುರಿಗೆ ಕೂತವನು ವಯಸ್ಸಿನಲ್ಲಿ ಹಿರಿಯ, ಹೇಳುತ್ತಿರುವುದೂ ಪೂರಾ ತಪ್ಪಲ್ಲ. ನಾಲಿಗೆ ಹೊರಳಲಿಲ್ಲ. "ಬರ್ಕೊಂಡೀನ್ರಿ ಸಾರ್" ಎಂದಳು. ಆ ಸಂಜೆಯೇ ಕೂತು ಟಿಕೆಟ್ ಬರೆದಳು. ಅಂಥ ಚೆನ್ನಾದ ಟಿಕೆಟನ್ನು ಅವಳು ಅದಕ್ಕೆ ಮೊದಲು ಬರೆದಿರಲಿಲ್ಲ. ಬರೆದು ಪಟ್ಟಿಯ ಎಲ್ಲಕ್ಕಿಂತ ಕೆಳಗೆ ಇಟ್ಟಳು. ಕಾರ್ಯದರ್ಶಿ ಪ್ರತಿ ನೋಡಿ ಸಂತೋಷಪಟ್ಟ. ಹರಗೋಲಿನವನ ಹೆಸರು ಉಳಿಯಿತು. ಅವಳು ಆ ರಾತ್ರಿ ನೆಮ್ಮದಿಯಿಂದ ಮಲಗಿದಳು.

ಇಲ್ಲಿ ಒಂದು ಮಾತು ಹೇಳುತ್ತೇನೆ. ಅವಳು ಅಂದೇ ಬೇಡ ಎಂದಿದ್ದರೆ ಕಾರ್ಯದರ್ಶಿ ಯಾಕೆ ಎಂದು ಕೇಳುತ್ತಿದ್ದ. ಇವಳು ಹೊಳೆಯ ಕತೆ ಹೇಳುತ್ತಿದ್ದಳು. ಅವನು ಹೊರಗೆ ಕಾಯುವವರ ಕತೆ ಹೇಳುತ್ತಿದ್ದ. ಜಗಳವಾಗುತ್ತಿತ್ತು. ಜಗಳದಲ್ಲಿ ಏನಾದರೊಂದು ದಾರಿ ಹುಟ್ಟುತ್ತಿತ್ತು. ಹೆಸರು ತೆಗೆಯುವ ಮೊದಲು ಒಬ್ಬರು ವಿಚಾರಿಸುವುದೋ, ಹೊಳೆ ಬಂದ ದಿನಗಳನ್ನು ಬಿಟ್ಟುಕೊಡುವುದೋ, ಏನೋ ಒಂದು. ಮೂರು ವರ್ಷ ಆ ಜಗಳ ಆಗಲೇ ಇಲ್ಲ.

ನಾಲ್ಕನೆಯ ವರ್ಷ ಶ್ರಾವಣದ ಹೊತ್ತಿಗೆ ಕಚೇರಿಗೆ ಎಐ ಸಹಾಯಕ ಬಂತು. ನೀನು ಹೇಳಿದೆಯಲ್ಲ, ಅದೇ ಯಂತ್ರ. ಮ್ಯಾನೇಜರ್ ಅದನ್ನು ಪಟ್ಟಿಗೆ ಜೋಡಿಸಿದ. ಹೊಸ ಎತ್ತು ಕಟ್ಟಿದವನ ಹಾಗೆ ಅದರ ಸುತ್ತ ಸುತ್ತಿ ಸುತ್ತಿ ನೋಡಿದ. ಮೇಲಿನ ಕೆಲಸಗಳು ಒಂದೇ ದಿನದಲ್ಲಿ ಮುಗಿದವು. ಅವನಿಗೆ ಹುರುಪು ತಡೆಯಲಿಲ್ಲ. ಪಂಚಮಿ ಹಬ್ಬಕ್ಕೆ ಕಚೇರಿ ಮೂರು ದಿನ ಮುಚ್ಚುತ್ತದಲ್ಲ, ಅಷ್ಟರಲ್ಲಿ ಕೆಳಗಿನವೂ ಆಗಿಬಿಡಲಿ ಎಂದ. ಯಂತ್ರಕ್ಕೆ ಏನಾದರೂ ಅನುಮಾನ ಬಂದರೆ ಟಿಕೆಟಿನಲ್ಲೇ ಕೇಳಬೇಕು. ಒಂದು ದಿನದೊಳಗೆ ಯಾರೂ ಬೇಡ ಎನ್ನದಿದ್ದರೆ ಮುಂದುವರಿಯಬೇಕು. ಹಾಗೆಂದು ಅದಕ್ಕೆ ಹೇಳಿಟ್ಟು ಉಂಡಿ ತಿನ್ನಲು ಮನೆಗೆ ಹೋದ. ಅವನೇನೂ ಹೊಸ ನಿಯಮ ಮಾಡಲಿಲ್ಲ. ಆ ಕಚೇರಿಯಲ್ಲಿ ಹತ್ತು ವರ್ಷವೂ ಸುಮ್ಮನಿದ್ದರೆ ಒಪ್ಪಿದಂತೆಯೇ ಆಗಿತ್ತು.

ಪಟ್ಟಿಯ ಕೆಳಗಿನದು ಬೇಡವಾದ ಕೆಲಸಗಳ ಜಾಗ ಎಂಬುದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಅದನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿದ್ದುದನ್ನು ಬರೆಯುವುದೇಕೆ ಎಂದು ಬಿಟ್ಟಿದ್ದರು. ಯಂತ್ರ ಒಂದೊಂದನ್ನೇ ತೆಗೆದುಕೊಂಡು ಮಾಡುತ್ತ ಹೋಯಿತು. ಅರೆಬರೆ ಬರೆದ ಟಿಕೆಟ್‌ಗಳು ಅದಕ್ಕೆ ಅರ್ಥವಾಗದೆ ಹಾಗೇ ಉಳಿದವು. ಇವಳು ಬರೆದವು ಮಾತ್ರ ಒಂದೂ ಉಳಿಯಲಿಲ್ಲ.

ಹಬ್ಬದ ದಿನ ಮುಂಜಾನೆ ಅವಳ ಫೋನಿಗೆ ಯಂತ್ರದ ಪ್ರಶ್ನೆ ಬಂತು. ಅಷ್ಟೂ ಟಿಕೆಟ್‌ಗಳಲ್ಲಿ ಅದು ಕೇಳಿದ್ದು ಇದೊಂದನ್ನೇ. "ಈ ನಿಯಮ ಜಾರಿಗೆ ಬಂದರೆ ಇಂದಿನ ಲೆಕ್ಕದಂತೆ ಹನ್ನೊಂದು ರೋಗಿಗಳ ಹೆಸರು ಹೋಗುತ್ತದೆ. ಮುಂದುವರಿಯಲೇ?"

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟು ಹತ್ತು ದಿನವಾಗಿತ್ತು, ಹೊಳೆ ಎರಡೂ ದಡ ಮುಚ್ಚಿಕೊಂಡು ಹರಿಯುತ್ತಿತ್ತು. ಹನ್ನೊಂದರಲ್ಲಿ ಒಬ್ಬ ಯಾರೆಂದು ಅವಳಿಗೆ ಹೆಸರು ನೋಡದೆಯೇ ಗೊತ್ತಿತ್ತು. ಬೇಡ ಎಂದು ಟೈಪು ಮಾಡಿದಳು. ಆ ಉತ್ತರದ ಪ್ರತಿ ಕಾರ್ಯದರ್ಶಿಗೂ ಹೋಗುತ್ತದೆ ಎಂಬುದು ಆಗ ನೆನಪಾಯಿತು. ಮೂರು ವರ್ಷ ಬರೆದುಕೊಂಡಿದ್ದೇವೆ ಎಂದವಳು ಈಗ ಹಬ್ಬದ ದಿನ ಬೇಡ ಎಂದರೆ, ಹಾಗಾದರೆ ಇಷ್ಟು ದಿನ ನನಗೆ ಸುಳ್ಳು ಹೇಳುತ್ತಿದ್ದಿರಾ ಎಂದು ಕೇಳುವುದಿಲ್ಲವೇ ಅವನು? ಮ್ಯಾನೇಜರ್ ಏನೆಂದಾನು? ಟೈಪು ಮಾಡಿದ್ದನ್ನು ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಎರಡೇ ಅಕ್ಷರ, ಅಮರೇಶ. ನೀನಾಗಲಿ ನಾನಾಗಲಿ ದಿನಕ್ಕೆ ನೂರು ಸಲ ಊಟದ ಮುಂದೆ ಆಡುವ ಮಾತು. ಅದು ಅವಳ ಕೈಯಿಂದ ಹೋಗಲಿಲ್ಲ. ಹಬ್ಬ ಮುಗಿದ ಮೇಲೆ ಕಚೇರಿಯಲ್ಲಿ ಎದುರಿಗೆ ಕೂತು ಹೇಳಿದರಾಯಿತು ಎಂದುಕೊಂಡಳು.

ಒಂದು ದಿನ ಕಳೆಯಿತು. ಯಂತ್ರ ಮುಂದುವರಿಯಿತು. ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ. ಹೇಗೆ ಪರೀಕ್ಷಿಸಬೇಕೆಂದು ಅವಳು ಬರೆದಿದ್ದಳೋ ಹಾಗೆಯೇ ಪರೀಕ್ಷಿಸಿ ನೋಡಿತು, ಎಲ್ಲವೂ ಸರಿಯಿತ್ತು. ಬದಲಾವಣೆಯನ್ನು ಆಸ್ಪತ್ರೆಯ ಕಂಪ್ಯೂಟರಿಗೆ ಕಳಿಸಿ ಟಿಕೆಟ್ ಮುಚ್ಚಿತು.

ರಜೆ ಮುಗಿಸಿ ಬಂದವರು ಪಟ್ಟಿ ನೋಡಿ ದಂಗಾದರು. ಹತ್ತು ವರ್ಷದ ಹೊರೆ ಮೂರು ದಿನದಲ್ಲಿ ಇಳಿದಿತ್ತು. ಮ್ಯಾನೇಜರ್ ಎಲ್ಲರಿಗೂ ಪೇಢೆ ತರಿಸಿ ಹಂಚಿದ. ಅವಳು ಪೇಢೆಯನ್ನು ಕೈಯಲ್ಲಿ ಹಿಡಿದುಕೊಂಡೇ ತನ್ನ ಟಿಕೆಟ್ ಹುಡುಕಿದಳು. ಮುಗಿದವುಗಳ ಸಾಲಿನಲ್ಲಿ ಸಿಕ್ಕಿತು. ಆಸ್ಪತ್ರೆಗೆ ಓಡಿದಳು.

ನಿಯಮವನ್ನು ಹಿಂತೆಗೆಯುವುದು ಕಷ್ಟವಿರಲಿಲ್ಲ. ಯಂತ್ರ ಅದನ್ನೂ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಿತ್ತು. ಆದರೆ ಹನ್ನೊಂದು ಹೆಸರು ಹೋದ ಜಾಗಕ್ಕೆ ಹೊರಗೆ ಕಾಯುತ್ತಿದ್ದ ಹನ್ನೊಂದು ಹೆಸರು ಆಗಲೇ ಬಂದಿದ್ದವು. ಒಬ್ಬಳು ಎಳೆಮಗುವಿನ ತಾಯಿ. ಒಬ್ಬ ಶಾಲೆಯ ಮೇಷ್ಟ್ರು. ತಿಂಗಳುಗಟ್ಟಲೆ ಕಾದು ಆವತ್ತೇ ಮೊದಲ ಸಲ ಅಲ್ಲಿಯ ಹಾಸಿಗೆ ಹತ್ತಿದ್ದರು. ಕಾರ್ಯದರ್ಶಿ ಅವಳನ್ನು ಬಾಗಿಲಿನ ತನಕ ಕರೆದುಕೊಂಡು ಹೋಗಿ ಒಳಗೆ ತೋರಿಸಿದ.

"ಯಾರನ್ನ ಎಬ್ಬಿಸೂಣು, ನೀವ ಹೇಳ್ರಿ ಮೇಡಂ."

ಅವಳು ನೋಡಿದಳು. ಏನು ಹೇಳಬೇಕು? ಮೂರು ವರ್ಷದ ಹಿಂದೆ ಅದು ಬರೀ ಒಂದು ನಿಯಮದ ಮಾತಾಗಿತ್ತು. ಈಗ ಅದಕ್ಕೆ ಮುಖಗಳು ಬಂದಿದ್ದವು, ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದವು. ಯಾರ ಪರವಾಗಿ ಬಾಯಿ ಬಿಟ್ಟರೂ ಇನ್ನೊಬ್ಬರ ಜೀವಕ್ಕೆ ಕೈ ಹಾಕಿದಂತೆ. ಅವಳು ಅಲ್ಲಿಯೇ ಗೋಡೆಗೆ ಒರಗಿ ನಿಂತಳು, ಅತ್ತಳು. ಅತ್ತದ್ದರಿಂದ ಏನೂ ಆಗಲಿಲ್ಲ.

ಮೂರನೆಯ ದಿನ ಹೊಳೆ ಇಳಿಯಿತು. ಹರಗೋಲಿನವನು ಬಂದ. ಕಾಲು, ಮುಖ ಬಾತಿದ್ದವು. ನಾಲ್ಕು ಹೆಜ್ಜೆಗೆ ಒಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ಹೆಸರು ಹೋದ ಸುದ್ದಿ ಅವನ ಫೋನಿಗೆ ಕಳಿಸಿದ್ದರಂತೆ. ನಡುಗಡ್ಡೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಕಿಟಕಿಯಲ್ಲಿ ಕೂತವಳು ನಿನ್ನ ಹೆಸರು ಇಲ್ಲ, ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಹೋಗು ಎಂದಳು. ಅಲ್ಲಿಯೂ ಪಾಳಿ ಇತ್ತು.

ಸುದ್ದಿ ಕೇಳಿ ನಮ್ಮ ಹೆಣ್ಣುಮಗಳು ದೊಡ್ಡ ಆಸ್ಪತ್ರೆಗೆ ಹೋದಳು. ಅವನು ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಅದಕ್ಕೇ ಕೂತಿದ್ದ. ಅವಳು ಎದುರಿಗೆ ನಿಂತು, ಕಾಕಾ, ನಿಮ್ಮ ಹೆಸರು ತೆಗೆದವಳು ನಾನು, ಬೇಡ ಎನ್ನಬಹುದಾಗಿತ್ತು, ಎನ್ನಲಿಲ್ಲ ಎಂದು ಹೇಳಬೇಕೆಂದು ಬಂದಿದ್ದಳು. ಅವನು ಅವಳನ್ನು ಗುರುತು ಹಿಡಿದ.

"ಮೂರು ವರ್ಷ ನನ್ನ ಹೆಸರು ಕಾದ್ರಿ ಯವ್ವಾ, ಬಾಳ ಆತು" ಎಂದ. "ಹೊಳಿ ಮುಂದ ಯಾರೇನು ಮಾಡ್ತಾರ?"

ಆ ಮಾತನ್ನು ತಿದ್ದಬೇಕಿತ್ತು, ತಿದ್ದಲಿಲ್ಲ. ಇದು ಅವಳು ಮೂರನೆಯ ಸಲ ಸುಮ್ಮನಾದದ್ದು. ಎರಡು ದಿನ ಬಿಟ್ಟು ಅವನು ತೀರಿಕೊಂಡ. ಹೊಳೆಯನ್ನೇ ಬೈದುಕೊಂಡು ತೀರಿಕೊಂಡ.

ಕಚೇರಿ ನಡೆಯುತ್ತಲೇ ಇದೆ. ಅವಳೂ ಅಲ್ಲೇ ಇದ್ದಾಳೆ. ಹೆಸರು ತೆಗೆಯುವ ಮೊದಲು ಒಬ್ಬರು ವಿಚಾರಿಸಬೇಕು ಎಂಬ ಬದಲಾವಣೆ ಮಾಡೋಣ ಎಂದು ಕಾರ್ಯದರ್ಶಿಗೆ ಪತ್ರ ಕೊಟ್ಟಿದ್ದಾಳೆ. ಆತ ಬಹಳ ಮರ್ಯಾದೆಯಿಂದ ಅದನ್ನು ತೆಗೆದುಕೊಂಡು, ಆಡಳಿತ ಮಂಡಳಿಯ ಮುಂದೆ ಇಡಲು ಬರೆದುಕೊಂಡಿದ್ದೇನೆ ಎಂದನಂತೆ.

ಗುರುಗಳು ಕತೆ ನಿಲ್ಲಿಸಿದರು. ಅಮರೇಶ ತಲೆ ತಗ್ಗಿಸಿ ಕೂತಿದ್ದ. ತನ್ನ ಪಟ್ಟಿಯಲ್ಲಿ ತಾನೇ ಬರೆದಿಟ್ಟ ಒಂದೊಂದೂ ಅವನ ಕಣ್ಣಮುಂದೆ ಹಾದುಹೋಗುತ್ತಿತ್ತು. ಆದರೂ ಆ ಹಬ್ಬದ ಮುಂಜಾನೆಯನ್ನು ದಾಟಿ ಮುಂದೆ ಹೋಗಲು ಅವನಿಗೆ ಆಗಲಿಲ್ಲ. ಇಡೀ ಒಂದು ದಿನ ಇತ್ತಲ್ಲ ಎಂದು ಸಂಕಟವಾಯಿತು.

"ಆ ಒಂದು ದಿನದಲ್ಲಿ, ಧೈರ್ಯ ಮಾಡು ತಾಯಿ, ಬೇಡ ಎಂದು ಬರೆ ಎನ್ನುವವರು ಅವಳಿಗೆ ಒಬ್ಬರೂ ಇರಲಿಲ್ಲವೇ ಗುರುಗಳೇ?" ಎಂದು ಕೇಳಿದ.

"ಆ ಮಧ್ಯಾಹ್ನ ಅವಳು ಇಲ್ಲಿಗೇ ಬಂದು, ಬರೆಯಲೇ ಎಂದು ನನ್ನನ್ನು ಕೇಳಿದಳಪ್ಪ, ಹಬ್ಬ ಮುಗಿಯಲಿ, ನೋಡೋಣ ಎಂದು ನಾನೇ ಕಳಿಸಿದೆ."