ಉಜ್ಜಿ ಅಳಿಸಿದ ಊರು

ಹೊಳೆದಂಡೆಯ ಮಠಕ್ಕೆ ಹೊಸ ಗಂಟೆ ಎರಕ ಹೊಯ್ಯುವ ದಿನ. ಸುತ್ತಲಿನ ಊರಿನವರು ಒಡೆದ ತಂಬಿಗೆ, ಸೊಟ್ಟ ತಟ್ಟೆ, ಕಾಲು ಮುರಿದ ದೀಪ ತಂದು ಅಂಗಳದಲ್ಲಿ ಸುರಿದಿದ್ದರು.

ಆ ರಾಶಿಯಲ್ಲಿ ಸಂಗವ್ವನ ಕಣ್ಣಿಗೆ ಹಸಿರುಗಟ್ಟಿದ ಒಂದು ನಾಣ್ಯ ಬಿತ್ತು. ಹಳೆಯ ನಾಣ್ಯ ಓದುವುದನ್ನು ಕಲಿಯಲೆಂದೇ ಅವಳು ಮಠದ ಮುಪ್ಪಯ್ಯಜ್ಜನ ಬಳಿ ಬಂದು ಉಳಿದವಳು. ಯಾರೂ ತೋರಿಸದೆ ತಾನೇ ಕಂಡುಹಿಡಿದ ಮೊದಲ ನಾಣ್ಯ ಇದು.

"ಕಾಳಪ್ಪಣ್ಣ, ಇದನ್ನ ಕರಗಿಸಬ್ಯಾಡ."

ಎರಕದ ಕಾಳಪ್ಪ ತಿದಿ ಒತ್ತುತ್ತಲೇ ಹೇಳಿದ: "ಗಂಟೆಗೆ ಕೊಟ್ಟಿದ್ದು ಗಂಟೆಗೇ, ತಂಗಿ. ಅಜ್ಜಾವರು ಬಂದು ಹೇಳಿದರೂ ಅಷ್ಟ. ಹೆಸರು ಕೊರೆದ ಪಾತ್ರೆ ಇದ್ರ ಮಾತ್ರ, ಹೆಸರಿನವರನ್ನ ಕೇಳದ ಕರಗಿಸೋದಿಲ್ಲ."

"ಇದರ ಮ್ಯಾಲೂ ಹೆಸರು ಐತಿ. ಅಂಚಿಗೆ ಸುತ್ತಲೂ ಅಕ್ಷರ ಅದಾವ ನೋಡು."

"ಯಾರ ಹೆಸರು? ಓದು. ಕರಗಿಸೋ ಮೂಸೆ ಕೆಂಪಾಗೋತನಕ ನಿನಗ ಹೊತ್ತು."

ಹಸಿರು ಕಿಲುಬಿನಡಿ ಅಕ್ಷರಗಳು ಮಸುಕಾಗಿದ್ದವು. ಸಂಗವ್ವ ಅಡುಗೆಮನೆಗೆ ಓಡಿದಳು. ದಿನವೂ ದೇವರ ಸಾಮಾನು ಬೆಳಗುವ ಕೈ ಅದು, ಸುಮ್ಮನಿದ್ದೀತೆ? ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ್ದೇ ಉಜ್ಜಿದ್ದು.

ನಾಣ್ಯ ಫಳಫಳ ಹೊಳೆಯಿತು. ಅಂಚು ಬೋಳಾಯಿತು. ಕಿಲುಬಿನ ಜೊತೆ ಅಕ್ಷರಗಳೂ ಬೂದಿನೀರಲ್ಲಿ ಹರಿದುಹೋಗಿದ್ದವು. ಕೊನೆಯ ಮೂರು ಮಾತ್ರ ಉಳಿದಿದ್ದವು.

ಸೆರಗಲ್ಲಿ ಮೂಗೊರೆಸುತ್ತ ಕೂರುವವಳಲ್ಲ ಅವಳು. ನಾಣ್ಯದ ಪುಸ್ತಕ ಕಂಕುಳಲ್ಲಿ ಇರುಕಿಕೊಂಡು ಅಜ್ಜನ ಮುಂದೆ ಹೋಗಿ ನಿಂತಳು.

"ಅಜ್ಜಾರ, ಸಿಕ್ತು! ಈ ಮೂಗು, ಈ ಗದ್ದ, ಪುಸ್ತಕದಾಗಿನ ರೋಮಿನ ಅರಸಂದು. ರೋಮಿನ ನಾಣ್ಯ ಅಂತ ಹೇಳಿಬಿಡ್ತೀನಿ."

ಅಜ್ಜ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು.

"ಸಾಲ್ಯಾಗ ಗ್ವಾಡಿ ಮ್ಯಾಲೆ ದೊಡ್ಡವರ ಫೋಟೋ ಹಾಕಿರ್ತಾರಲ್ಲ. ಅದನ್ನ ನೋಡಿ, ಇದು ಯಾವ ಊರ ಸಾಲಿ ಅಂತ ಹೇಳ್ತೀಯೇನು?"

"ಅದೆಂಗ್ರಿ? ಎಲ್ಲಾ ಊರಾಗೂ ಅವೇ ಫೋಟೋ."

ಅಜ್ಜ ಅವಳ ಅಂಗೈಯಲ್ಲಿದ್ದ ನಾಣ್ಯವನ್ನು ಮಗುಚಿ ಹಾಕಿದರು.

ಹಿಂಬದಿಯಲ್ಲಿ ಒಬ್ಬ ಹೆಂಗಸು ಬಂಡೆಯ ಮೇಲೆ ಕೂತಿದ್ದಳು. ತಲೆಯ ಮೇಲೆ ಕೋಟೆಗೋಡೆಯಂಥ ಕಿರೀಟ. ಅವಳ ಕಾಲ ಬಳಿ, ನೀರಿನಿಂದ ಎದೆಮಟ್ಟ ಮೇಲೆದ್ದು ಕೈ ಚಾಚಿ ಈಜುವ ಒಬ್ಬ ಹುಡುಗ.

ಸಂಗವ್ವ ಪುಸ್ತಕದ ಹಾಳೆ ತಿರುವಿದಳು. ತಲೆಯ ಮೇಲೆ ಕೋಟೆ ಹೊತ್ತವಳು ಊರಮ್ಮ. ಈಜುವವನು ಆ ಊರಿನ ಹೊಳೆ. ಉಳಿದ ಮೂರಕ್ಷರ ರೋಮಿನ ಲಿಪಿಯಲ್ಲ, ಗ್ರೀಕರದು.

"ಅರಸ ರೋಮಿನಾಂವ, ನಾಣ್ಯ ರೋಮಿಂದಲ್ಲ! ರೋಮಿನ ಕೈಕೆಳಗಿದ್ದ ಯಾವುದೋ ಹೊಳೆದಂಡಿ ಊರಿಂದು. ಮುಂದ ಅರಸನ ಮುಖ ಹಾಕಿ, ಹಿಂದ ತಮ್ಮ ತಾಯಿನ್ನ ಕುಂದರಿಸ್ಯಾರ. ಆದ್ರ ಯಾವ ಊರ್ರಿ? ಇಂಥ ತಾಯಿ ಪುಸ್ತಕದಾಗ ನಾಕಾರು ಊರಿಗೆ ಅದಾಳ."

"ಇಂಥ ನಾಣ್ಯದ ಅಂಚಿಗೆ ಊರಿನ ಹೆಸರು ಬರೀತಾರ. ಇದರಾಗ ಇರಲಿಲ್ಲೇನು?"

ಸಂಗವ್ವನ ತಲೆ ತಗ್ಗಿತು. "ಇತ್ರಿ. ನಾನ ಉಜ್ಜಿ ಅಳಿಸಿದೆ."

ಅಜ್ಜ ಬತ್ತಿ ಹೊಸೆಯುತ್ತಲೇ ಇದ್ದರು. ಅವರು ಬೈದಿದ್ದರಾದರೂ ಅವಳ ಮನಸ್ಸು ಹಗುರಾಗುತ್ತಿತ್ತು.

ಅಂಗಳದಿಂದ ಕಾಳಪ್ಪ ಕೂಗಿದ. "ತಂಗೀ, ಮೂಸೆ ಕೆಂಪಾತು!"

ಜನ ಸುತ್ತುಗಟ್ಟಿದ್ದರು. ತಂಬಿಗೆ ಕೊಡಲು ಬಂದಿದ್ದ ಗೌರಕ್ಕ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು: "ಬಾಯಿಗೆ ಬಂದ ಒಂದು ಊರು ಹೇಳಿಬಿಡು, ಹುಚ್ಚಿ. ಇಲ್ಲಿ ಯಾರು ಹೋಗಿ ನೋಡಿಕೊಂಡು ಬಂದಾರ?"

ಒಂದು ಹೆಸರು ನಾಲಿಗೆಯ ತುದಿಗೆ ಬಂದೇ ಬಂತು. ಹೇಳಿದರೆ ನಾಣ್ಯ ಉಳಿಯುತ್ತಿತ್ತು. ಸಂಗವ್ವ ಅದನ್ನು ನುಂಗಿಕೊಂಡಳು.

"ಕಾಳಪ್ಪಣ್ಣ, ಇದು ಒಂದು ಊರಿನವರು ತಾವೇ ಹೊಡೆಸಿದ ನಾಣ್ಯ. ಊರಿನ ಹೆಸರೂ ಇತ್ತು. ನಾನು ಹುಣಸೆಹಣ್ಣು ಹಾಕಿ ತಿಕ್ಕಿ ಅಳಿಸಿದೆ. ಮೂರಕ್ಷರ ಉಳದಾವ. ಯಾವ ಊರು ಅಂತ ನನಗ ಗೊತ್ತಿಲ್ಲ. ಹುಡುಕ್ತೀನಿ."

ಯಾರೋ ಕಿಸಕ್ಕೆಂದರು. ಕಾಳಪ್ಪ ನಗಲಿಲ್ಲ. ಬೆವರೊರೆಸಿಕೊಂಡು ಅವಳನ್ನೇ ನೋಡಿದ.

"ಕೊಟ್ಟ ಪಾತ್ರೆ ವಾಪಸ್ ಬೇಕಾದವರು ಇಲ್ಲದ ಹೆಸರು ಹುಟ್ಟಿಸಿಕೊಂಡು ಬರೋದು ಕಂಡೀನಿ. ಇದ್ದ ಹೆಸರು ನಾನ ಅಳಿಸಿದೆ ಅಂತ ಬಂದಾಕಿ ನೀನ ಮೊದಲು. ಕೇಳಬೇಕಾದ ಊರಿನವರು ಸಿಗೋತನಕ ಇದು ನಿನ್ನ ಹತ್ರ ಇರಲಿ, ಹೋಗು."

ಕೆಂಪು ಎರಕ ಗಂಟೆಯ ಅಚ್ಚಿಗೆ ಇಳಿಯಿತು. ಸಂಗವ್ವ ನಿಂತು ನೋಡಲೂ ಇಲ್ಲ. ಅಜ್ಜನ ಮುಂದೆ ಪುಸ್ತಕ ಬಿಚ್ಚಿ ಕೂತು, ಮೊದಲ ಹಾಳೆಯಿಂದ ಮತ್ತೆ ಶುರುಮಾಡಿದಳು.

ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಹುಡುಕಿ ಹುಡುಕಿ ಊರು ಸಿಗಲೇ ಇಲ್ಲ ಅಂದ್ರ, ಅಜ್ಜಾರ?"

ಅಜ್ಜ ತಮ್ಮ ಭೂತಗನ್ನಡಿಯನ್ನು ಅವಳ ಕಡೆ ಸರಿಸಿದರು.

"ಸುಳ್ಳು ಹೇಳಿದ್ದಿದ್ರ, ಊರು ಇಷ್ಟೊತ್ತಿಗೆ ಸಿಕ್ಕಿಬಿಟ್ಟಿರ್ತಿತ್ತು. ಹುಡುಕೋದೂ ಅಲ್ಲಿಗೇ ಮುಗೀತಿತ್ತು."