ಬೂದುಗುಂಬಳದ ಸವಾರಿ

ರಾಣೆಬೆನ್ನೂರಿನಲ್ಲಿ ಕೊಟ್ರಪ್ಪ ಎಂಬ ಪಾತ್ರೆ ವ್ಯಾಪಾರಿ ಇದ್ದ. ಹೊಸ ವಸ್ತುವಿನ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಯಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ. ಕವರ್ ಹರಿದ ಕೊಡವನ್ನು ಗಿರಾಕಿ ತಿರುಗಿಸಿ ತಿರುಗಿಸಿ ನೋಡಿ ಪಕ್ಕಕ್ಕಿಡುತ್ತಾನೆ. ಆ ಅಂಜಿಕೆ ಅಂಗಡಿಯಿಂದ ಮನೆಗೂ ಅವನ ಬೆನ್ನು ಹತ್ತಿ ಬಂದಿತ್ತು. ಮನೆಯ ಟಿ.ವಿ. ರಿಮೋಟು ಕವರಿನಲ್ಲಿತ್ತು. ಫ್ರಿಜ್ಜಿನ ಹಿಡಿಕೆ ಕವರಿನಲ್ಲಿತ್ತು. ಸೋಫಾದ ಮೇಲೆ ಕೂತವರು ಏಳುವಾಗ ಚರ್ರೆಂದು ಸದ್ದಾಗುತ್ತಿತ್ತು.

"ಮದುವಿಯಾದ ಹೊಸದಾಗ ನನಗೂ ಒಂದು ಕವರ್ ಹಾಕಿದ್ರ ಚಲೋ ಇತ್ತು ನೋಡ್ರಿ. ಇವತ್ತಿಗೂ ಹೊಸಾಕಿನ ಇರತಿದ್ದೆ" ಎಂದು ಹೆಂಡತಿ ನೀಲವ್ವ ಬಂದವರ ಮುಂದೆ ಹೇಳಿ ನಗುತ್ತಿದ್ದಳು.

ಇಂಥ ಕೊಟ್ರಪ್ಪ ಒಂದು ಕಾರು ಕೊಂಡ. ಅವನ ಮನೆತನದಲ್ಲೇ ಮೊದಲ ಕಾರು. ಕೊಳ್ಳಲು ಕಾರಣವೂ ಇತ್ತು. ಸೊಸೆ ಪಲ್ಲವಿ ಹಾವೇರಿಯ ತವರುಮನೆಯಲ್ಲಿ ಬಾಣಂತನ ಮುಗಿಸಿ, ಹೆಣ್ಣುಕೂಸನ್ನು ಎತ್ತಿಕೊಂಡು ಮನೆಗೆ ಬರುವವಳಿದ್ದಳು. ಮೊಮ್ಮಗಳು ಮೊದಲ ಸಲ ಮನೆಗೆ ಬರುವುದು ಅಜ್ಜನ ಸ್ವಂತ ಕಾರಿನಲ್ಲೇ ಆಗಬೇಕು ಎಂಬುದು ಕೊಟ್ರಪ್ಪನ ಆಸೆ. ಕಾರು ಬಂದಂದಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ, ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಗಳಿಗೆಗೊಮ್ಮೆ ಅಂಗಳಕ್ಕೆ ಹೋಗಿ ಕಾರನ್ನು ನೋಡಿ ಬರುತ್ತಿದ್ದ. ಹಿಂದಿನ ಸೀಟಿನ ಮೇಲೆ ಒಂದು ನರಪಿಳ್ಳೆಯನ್ನೂ ಕೂರಗೊಡಲಿಲ್ಲ. "ಅಲ್ಲಿ ಮೊದಲು ಕೂಡಾಕಿ ನನ್ನ ಮೊಮ್ಮಗಳು" ಎನ್ನುತ್ತಿದ್ದ. ಆ ಸೀಟಿನ ಪ್ಲಾಸ್ಟಿಕ್ ಕವರಂತೂ ಕನ್ನಡಿಯ ಹಾಗೆ ಮಿರುಗುತ್ತಿತ್ತು.

ಕೂಸನ್ನು ಕರೆತರುವ ಹಿಂದಿನ ದಿನ ಪಲ್ಲವಿಯ ಫೋನು ಬಂತು.

"ಮಾವಾರ, ಒಂದ ಮಾತು. ಕೂಸಿನ ಸೀಟು ಕಾರಿನಾಗ ಗಟ್ಟಿಯಾಗಿ ಕೂತಿರಬೇಕು. ನಾ ಹತ್ತೂಕಿಂತ ಮೊದಲು ಕೈಯಾಗ ಹಿಡಿದು ಅಲುಗ್ಯಾಡಿಸಿ ನೋಡತೀನಿ."

"ನೋಡವ್ವಾ, ಧಾರಾಳ ನೋಡು."

"ಅಲುಗ್ಯಾಡಿದ್ರ ನಾನೂ ಕೂಸೂ ರೈಲಿಗೆ ಬರತೀವಿ. ನೀವು ಸಿಟ್ಟಾಗಬಾರದು."

ಕೊಟ್ರಪ್ಪ ಜೋರಾಗಿ ನಕ್ಕ. "ಲಾರಿಗಟ್ಟಲೆ ಪಾತ್ರೆ ಕಟ್ಟಿಸಿದ ಕೈ ಇದು. ಹಾದ್ಯಾಗ ಒಂದು ಲೋಟ ನೆಗ್ಗಿಲ್ಲ. ಒಂದು ಸೀಟು ಕಟ್ಟೂದು ಯಾವ ದೊಡ್ಡ ಕೆಲಸ?"

ಫೋನು ಇಟ್ಟ ಮೇಲೆ ಮಾತ್ರ ಅವನಲ್ಲಿ ಸಣ್ಣ ಅಳುಕು ಹುಟ್ಟಿತು. ಬೀಗರ ಓಣಿಯ ಜನರೆಲ್ಲ ನೋಡುತ್ತಿರುವಾಗ ಸೊಸೆ ಕೂಸನ್ನು ಎತ್ತಿಕೊಂಡು ಸ್ಟೇಶನ್ನಿನ ಕಡೆ ನಡೆದರೆ? ಹೊಸ ಕಾರು ಖಾಲಿಯಾಗಿ ಹಿಂದೆ ಬಂದರೆ?

ಮಗ ವಿನಯ ಕೂಸಿನ ಸೀಟನ್ನು ಆಗಲೇ ತಂದಿಟ್ಟಿದ್ದ. ಅದರ ಜೊತೆ ಬಂದ ಚಿತ್ರಗಳನ್ನು ನೋಡುತ್ತ ಹಿಂದಿನ ಸೀಟಿನ ಮೇಲೆ ಅದನ್ನು ಇಟ್ಟ. ಕೂಸಿನ ಮುಖ ಕಾರಿನ ಹಿಂಭಾಗಕ್ಕೆ ಬರುವ ಹಾಗೆ ಇಟ್ಟದ್ದು ಕಂಡು ಕೊಟ್ರಪ್ಪ ಹೌಹಾರಿದ.

"ಇದೇನೋ, ಕೂಸನ್ನ ಹಿಂದುಮುಂದಾಗಿ ಕೂಡಸ್ತಿ? ಮೊದಲನೇ ಸಲ ಕಾರು ಹತ್ತಾಕಿ ದಾರಿ ನೋಡೂದು ಬ್ಯಾಡೇನು?"

"ಸಣ್ಣ ಕೂಸಿನ ಕುತ್ತಿಗಿ ಇನ್ನೂ ಗಟ್ಟಿ ಇರೂದಿಲ್ಲಪ್ಪ. ಬ್ರೇಕ್ ಹಾಕಿದಾಗ ಬೆನ್ನೂ ತಲೀನೂ ಸೀಟಿಗೆ ಒತ್ತಿಕೊಂಡಿರಬೇಕು. ಅದಕ್ಕ ಹಿಂಗ. ನೀವು ಪಕ್ಕದಾಗ ಕೂತ್ರ ಆಕಿ ನಿಮ್ಮ ಮುಖಾನ ನೋಡತಾಳ."

ತನ್ನ ಮುಖ ನೋಡುತ್ತಾಳೆ ಎಂದಮೇಲೆ ಕೊಟ್ರಪ್ಪನ ತಕರಾರು ಮುಗಿಯಿತು.

ವಿನಯ ಕಾರಿನ ಬೆಲ್ಟನ್ನು ಕೂಸಿನ ಸೀಟಿನ ಸಂದಿಯಲ್ಲಿ ತೂರಿಸಿ ಟಕ್ಕೆಂದು ಸಿಕ್ಕಿಸಿದ. ಒಂದು ಸಲ ಹಿಡಿದು ಎಳೆದ. ಸೀಟು ಸರ್ರನೆ ಜಾರಿತು.

"ಅಪ್ಪಾ, ಕೆಳಗಿನ ಪ್ಲಾಸ್ಟಿಕ್ ಜಾರತೈತಿ. ಕವರ್ ತೆಗದು ಹಾಕೂಣು."

"ಏಯ್, ಕೈ ಹಚ್ಚಬ್ಯಾಡ! ಕೂಸು ಬರೂಕಿಂತ ಮೊದಲ ಸೀಟು ಹಳೇದು ಮಾಡತಿಯೇನು? ಆಕಿಗಂತ ಇಟ್ಟೀನಿ ಅದನ್ನ. ಇನ್ನೊಂದೀಟು ಜಗ್ಗು, ಕೂಡತೈತಿ."

ವಿನಯ ಜಗ್ಗಿದ. ಕೊಟ್ರಪ್ಪ ತಾನೇ ಒಳಗೆ ಬಗ್ಗಿ, ಎರಡು ಬೆರಳಲ್ಲಿ ಸೀಟನ್ನು ಮೆಲ್ಲಗೆ ಮುಟ್ಟಿ ನೋಡಿದ. ಅದು ಅಲುಗಾಡಲಿಲ್ಲ. ಅಷ್ಟು ಮೆಲ್ಲಗೆ ಮುಟ್ಟಿದರೆ ಯಾವುದು ತಾನೇ ಅಲುಗಾಡೀತು? ಕೂಸಿನ ಹೆಗಲ ಮೇಲೆ ಬರುವ ಪಟ್ಟಿಗಳನ್ನೂ ಅವನೇ ಸಡಿಲ ಬಿಟ್ಟ. ಎಳೆಯ ಮೈಗೆ ಒತ್ತಬಾರದಲ್ಲ ಎಂದು.

ನೀಲವ್ವ ಪಡಸಾಲೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅಡುಗೆಮನೆಯಲ್ಲಿ ಎರಡು ಬೂದುಗುಂಬಳಕಾಯಿ ಇದ್ದವು. ಒಂದು, ಕೂಸು ಬಂದಾಗ ದೃಷ್ಟಿ ತೆಗೆದು ಒಡೆಯಲಿಕ್ಕೆ. ಇನ್ನೊಂದು, ಹಲ್ವಾ ಮಾಡಲಿಕ್ಕೆ. ಒಂದನ್ನು ಎತ್ತಿಕೊಂಡು ಬಂದು ಗಂಡನ ಕೈಗೆ ಕೊಟ್ಟಳು.

"ತೂಕ ನೋಡ್ರಿ. ನಿಮ್ಮ ಮೊಮ್ಮಗಳಷ್ಟ ಐತಿ. ಇದನ್ನ ಕೂಡಿಸಿಕೊಂಡು ಒಂದು ಸುತ್ತು ಹೋಗಿಬರ್ರಿ. ಸೊಸಿ ಮುಂದ ಮರ್ಯಾದಿ ಕಳಕೊಳ್ಳೂದಕ್ಕಿಂತ ಕುಂಬಳಕಾಯಿ ಮುಂದ ಕಳಕೊಳ್ಳೂದು ಚಲೋ."

ಕೊಟ್ರಪ್ಪನಿಗೆ ಇದು ಬಹಳ ಹಿಡಿಸಿತು. ಕುಂಬಳಕಾಯಿಗೆ ಅಂಟಿದ್ದ ಬೂದಿಯನ್ನು ಒರೆಸಿದ. ಕೂಸಿಗೆಂದು ಹೊಲಿಸಿದ್ದ ಕುಲಾವಿಯನ್ನು ಅದರ ತಲೆಗೆ ಹಾಕಿದ. ಸೀಟಿನಲ್ಲಿ ಕೂರಿಸಿ ಪಟ್ಟಿ ಸಿಕ್ಕಿಸಿದ. ತಾನು ಮುಂದೆ ಕೂತ. ವಿನಯ ಕಾರು ಬಿಟ್ಟ. ಓಣಿಯ ಹೆಂಗಸರು ಬಗ್ಗಿ ನೋಡಿ ಬಾಯಿಗೆ ಸೆರಗು ಹಿಡಿದರು. "ಮೊಮ್ಮಗಳು ಅಜ್ಜನಂಗ ದುಂಡಗದಾಳ್ರೀ!" ಎಂದು ಒಬ್ಬಳು ಕೂಗಿದಳು. ಕೊಟ್ರಪ್ಪ ಮೆರವಣಿಗೆಯಲ್ಲಿ ಹೋಗುವವನಂತೆ ಕೈ ಬೀಸಿದ.

ಸಂತೆ ಮೈದಾನ ದಾಟಿದ ಮೇಲೆ ಒಂದು ಎಮ್ಮೆ, ಯಾರನ್ನೂ ಕೇಳದೆ, ರಸ್ತೆಗೆ ಇಳಿಯಿತು. ವಿನಯ ಬ್ರೇಕ್ ಒತ್ತಿದ. ಕಾರು ಜೋರಾಗೇನೂ ಹೋಗುತ್ತಿರಲಿಲ್ಲ. ನಿಂತೂಬಿಟ್ಟಿತು. ಆದರೆ ಹಿಂದಿನಿಂದ ಸರ್ರೆಂದು ಒಂದು ಸದ್ದು ಬಂತು. ಅದರ ಬೆನ್ನಿಗೇ ಇನ್ನೊಂದು ಸದ್ದು, ಫಟ್ಟೆಂದು.

ಕೊಟ್ರಪ್ಪ ತಿರುಗಿ ನೋಡಿದ. ಸೀಟು ಪ್ಲಾಸ್ಟಿಕ್ಕಿನ ಮೇಲೆ ಜಾರಿ ಬಾಗಿಲಿನ ಕಡೆ ವಾಲಿತ್ತು. ಕುಂಬಳಕಾಯಿ ಸಡಿಲ ಪಟ್ಟಿಯೊಳಗಿಂದ ನುಸುಳಿ ಕೆಳಗೆ ಬಿದ್ದು ಎರಡು ಹೋಳಾಗಿತ್ತು. ಕುಲಾವಿ ಒದ್ದೆಯಾಗಿ ಅದರ ಪಕ್ಕದಲ್ಲಿ ಬಿದ್ದಿತ್ತು.

ಎಮ್ಮೆ ರಸ್ತೆ ದಾಟಿ ಹೋಯಿತು. ಹಿಂದಿನ ಆಟೋದವನು ಹಾರ್ನ್ ಹೊಡೆದ. ಕೊಟ್ರಪ್ಪ ಕೈ ಚಾಚಿ ಕುಲಾವಿಯನ್ನು ಎತ್ತಿಕೊಂಡ. ಹಿಂಡಿದ. ಮಡಿಸಿ ಜೇಬಿನಲ್ಲಿ ಇಟ್ಟುಕೊಂಡ.

ಅಂಗಡಿಯ ಮಾಲು ಲಾರಿಗೆ ಹೇರುವ ದಿನಗಳು ಅವನಿಗೆ ನೆನಪಾದವು. ಹೇರುವ ಮೊದಲು ಹಲಗೆಯ ಮೇಲೆ ಗೋಣಿಚೀಲ ಹಾಸಿಸುತ್ತಿದ್ದ. ಹಮಾಲರು ಅವಸರಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಬೈಯುತ್ತಿದ್ದ. ಬುಡ ಜಾರುತ್ತಿದ್ದರೆ ಮೇಲೆ ಎಷ್ಟು ಬಿಗಿದರೇನು ಎಂದು ಕೂಗಾಡುತ್ತಿದ್ದ. ಕೊಡಕ್ಕೆ, ಬೋಗುಣಿಗೆ ಉಪಯೋಗಿಸಿದ ಬುದ್ಧಿಯನ್ನು ಕೂಸಿಗೆ ಉಪಯೋಗಿಸಲಿಲ್ಲ. ಕವರ್ ಅಷ್ಟು ಮಿರುಗುತ್ತಿತ್ತು.

ಮನೆ ಮುಟ್ಟಿದ್ದೇ ತಡ, ಕೊಟ್ರಪ್ಪ ಹಿಂದಿನ ಬಾಗಿಲು ತೆರೆದ. ಒಂದು ಮೂಲೆಯಲ್ಲಿ ಉಗುರು ತೂರಿಸಿದ. ಗಳಿಗೆ ಹೊತ್ತು ಹಾಗೇ ನಿಂತ. ಆಮೇಲೆ ಕಣ್ಣು ಮುಚ್ಚಿ ಎಳೆದ. ಪರ್ರೆಂದು ಸದ್ದಾಯಿತು. ನೀಲವ್ವ ಒಳಗಿನಿಂದ ಓಡಿಬಂದಳು.

"ಏನ್ರೀ ಅದು?"

"ಕವರ್ ಹರದೆ."

ನೀಲವ್ವ ಎರಡೂ ಕೈ ಎತ್ತಿ ಕಾರಿಗೆ ಮುಗಿದಳು. "ನಮ್ಮ ಮನ್ಯಾಗ ಇಂಥಾ ದಿನ ಬಂತಲ್ಲ!"

ಈಗ ಕೊಟ್ರಪ್ಪನ ಹುರುಪು ನೋಡಬೇಕಿತ್ತು. ಪಂಚೆ ಎತ್ತಿ ಕಟ್ಟಿದ. ಕೂಸಿನ ಸೀಟಿನ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟು ಒತ್ತಿ ಹಿಡಿದ. "ಹೂಂ, ಈಗ ಜಗ್ಗು! ಇನ್ನೂ ಜಗ್ಗು!" ವಿನಯ ಬೆಲ್ಟಿನ ಸಡಿಲನ್ನೆಲ್ಲ ಎಳೆದುಕೊಂಡ. ಬೆಲ್ಟು ಹಾದುಹೋಗುವ ಜಾಗದಲ್ಲೇ ಸೀಟನ್ನು ಹಿಡಿದು ಅಪ್ಪ, ಮಗ ಸರದಿಯ ಮೇಲೆ ಅಲುಗಾಡಿಸಿದರು. ಆ ಕಡೆ, ಈ ಕಡೆ, ಹಿಂದೆ, ಮುಂದೆ. ಎರಡನೆಯ ಕುಂಬಳಕಾಯಿ ಬಂದು ಕೂತಿತು. ಈ ಸಲ ಹೆಗಲ ಪಟ್ಟಿಯ ಕೆಳಗೆ ಒಂದು ಬೆರಳು ತೂರುವಷ್ಟೇ ಜಾಗ. ಮತ್ತೆ ಅದೇ ರಸ್ತೆ. ಎಮ್ಮೆ ಇರಲಿಲ್ಲ. ಕೊಟ್ರಪ್ಪನೇ "ಎಮ್ಮಿ!" ಎಂದು ಕೂಗಿದ, ವಿನಯ ಬ್ರೇಕ್ ಒತ್ತಿದ. ಕೊಟ್ರಪ್ಪನ ಟೋಪಿ ಹಾರಿ ಬಿತ್ತು. ಕುಂಬಳಕಾಯಿ ಕೂತಲ್ಲೇ ಕೂತಿತ್ತು.

"ಎಮ್ಮಿ!" ಎಂದು ಅವನು ಮತ್ತೆ ಕೂಗಿದ. ಹೀಗೆ ಸಂತೆ ಮೈದಾನದ ಸುತ್ತ ಇಲ್ಲದ ಎಮ್ಮೆಗಳೆಲ್ಲ ದಾಟಿದವು.

ಮರುದಿನ ಹಾವೇರಿ. ಬೀಗರು ಅಂಗಳದಲ್ಲಿ ನೆರೆದಿದ್ದರು. ಪಲ್ಲವಿ ಕೂಸನ್ನು ತಾಯಿಯ ಕೈಗೆ ಕೊಟ್ಟು, ಕಾರಿನ ಬಾಗಿಲು ತೆರೆದಳು. ಸೀಟನ್ನು ಎರಡೂ ಕೈಯಲ್ಲಿ ಹಿಡಿದಳು. ಕೊಟ್ರಪ್ಪ ಟೋಪಿ ಸರಿಮಾಡಿಕೊಂಡ. ಅವಳು ಜಗ್ಗಿದಳು. ಕಾಲು ಊರಿ ಇನ್ನೊಮ್ಮೆ ಜಗ್ಗಿದಳು. ಕಾರೇ ಅಲುಗಾಡಿತು. ಸೀಟು ಅಲುಗಾಡಲಿಲ್ಲ.

ಪಲ್ಲವಿ ಸೀಟಿನ ಕೆಳಗೆ ಕೈಯಾಡಿಸಿ ಮಾವನ ಕಡೆ ತಿರುಗಿದಳು.

"ಮಾವಾರ, ಕವರ್ ಎಲ್ಲೈತ್ರೀ?"

"ಯಾವ ಕವರವ್ವಾ?" ಎಂದ ಕೊಟ್ರಪ್ಪ, ಏನೂ ಅರಿಯದವನ ಹಾಗೆ.

ಪಲ್ಲವಿ ನಕ್ಕುಬಿಟ್ಟಳು. ಕೂಸನ್ನು ತಂದು ಕೂರಿಸಿ, ಪಟ್ಟಿ ಬಿಗಿದು, ಬೆರಳಿಟ್ಟು ನೋಡಿದಳು. ಕೂಸಿನ ಒಂದು ಪಕ್ಕಕ್ಕೆ ತಾನು ಕೂತಳು. ಇನ್ನೊಂದು ಪಕ್ಕಕ್ಕೆ ಕೊಟ್ರಪ್ಪ. ದಾರಿಯುದ್ದಕ್ಕೂ ಕೂಸು ಅಜ್ಜನ ಮುಖವನ್ನೇ ನೋಡಿತು. ಮೋಟೆಬೆನ್ನೂರು ದಾಟುವಾಗ ಬಾಯ್ತುಂಬ ಹಾಲು ಕಕ್ಕಿತು. ಅದು ಇಳಿದು ಕಾರಿನ ಹೊಚ್ಚಹೊಸ ಸೀಟಿನ ಬಟ್ಟೆಗೆ ಹರಡಿತು. ಮುಂದಿದ್ದ ವಿನಯ ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದ.

ಕೊಟ್ರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮೊದಲು ಕೂಸಿನ ಗಲ್ಲ ಒರೆಸಿದ. ಆಮೇಲೆ ಸೀಟು.

"ಈಗ ನೋಡು, ಈ ಕಾರು ನಮ್ಮ ಮನೀದಾತು" ಎಂದ.

ಮನೆಯ ಮುಂದೆ ಆರತಿ ತಟ್ಟೆ ಹಿಡಿದು ನೀಲವ್ವ ಕಾದಿದ್ದಳು. ಉಳಿದಿದ್ದ ಕುಂಬಳಕಾಯಿಯ ಮೇಲೆ ಕರ್ಪೂರ ಇಟ್ಟು, ದೃಷ್ಟಿ ತೆಗೆದು ಒಡೆಯಲು ಸಿದ್ಧಳಾಗಿದ್ದಳು. ಕೊಟ್ರಪ್ಪ ಓಡಿಹೋಗಿ ಅದನ್ನು ಕಸಿದುಕೊಂಡು ಎದೆಗೆ ಅವಚಿಕೊಂಡ.

"ಇದನ್ನ ಒಡ್ಯಾಂಗಿಲ್ಲ! ಇದು ನಮ್ಮ ಕೂಸಿನ ಜಾಗಾದಾಗ ಕೂತು ಬಂದೈತಿ."

"ಹಂಗಾರ ದೃಷ್ಟಿಗೆ ಏನು ಒಡೀಲಿ?"

"ಒಡೀಬೇಕಾದ್ದು ನಿನ್ನೆನ ಒಡದೈತಿ. ದೃಷ್ಟಿ ಹೋತು."

ಆ ಕುಂಬಳಕಾಯಿಯನ್ನು ಅವನು ತನ್ನ ಅಂಗಡಿಯ ಬಾಗಿಲಿಗೆ ತೂಗುಹಾಕಿದ. ಕೂಸನ್ನೆತ್ತಿಕೊಂಡು ಬಂದ ಗಿರಾಕಿಗಳಿಗೆ ಅದನ್ನು ತೋರಿಸಿ, ಪಾತ್ರೆಯ ಮಾತು ಬಿಟ್ಟು, ಈ ಕಥೆ ಹೇಳುತ್ತಿದ್ದ. ಕುಂಬಳಕಾಯಿಗೆ ಕವರ್ ಹಾಕಿರಲಿಲ್ಲ.

ನೀತಿ: ನಮ್ಮ ಪ್ರೀತಿ ನಮ್ಮ ಕೂಸನ್ನು ಕಾಯುವುದಿಲ್ಲ, ಆ ಪ್ರೀತಿಯಿಂದ ನಾವು ಸರಿಯಾಗಿ ಮಾಡಿದ ಕೆಲಸ ಕಾಯುತ್ತದೆ. ಮಗುವಿನ ಸೀಟು ಗಟ್ಟಿಯಾಗಿದೆ ಎಂದು ನಂಬಿ ಕೂರಬೇಡಿ. ಹಿಡಿದು, ಜಗ್ಗಿ, ಅಲುಗಾಡಿಸಿ ನೋಡಿ. ವಸ್ತುವಿನ ಹೊಸತನ ಮಗುವಿನ ಸುರಕ್ಷತೆಗೆ ಅಡ್ಡ ಬಂದರೆ, ಮೊದಲು ಹರಿಯಬೇಕಾದದ್ದು ಆ ಹೊಸತನದ ಹೊದಿಕೆ.